ಬಂದ್ ರಸ್ತೆಯ ಮಾಸ್ತರು

ರಸ್ತೆ ಬಂದ್ ಆಯಿತೆಂದರೆ ಊರಿಗೆಲ್ಲ ಸಂಕಟ, ನನಗೆ ಮಾತ್ರ ಸಂತೋಷ. ಇಷ್ಟು ಹೇಳಿದ ಕೂಡಲೇ ನನ್ನನ್ನು ಲೋಕಕ್ಕೆ ಕೇಡು ಬಗೆಯುವವರ ಸಾಲಿಗೆ ಸೇರಿಸಬೇಡಿ. ನಾನು ಶಿರಸಿಯಲ್ಲಿ ಡ್ರೈವಿಂಗ್ ಶಾಲೆ ಇಟ್ಟುಕೊಂಡವನು. ಶಾಲೆ ಎಂದರೆ ದೊಡ್ಡದೇನಲ್ಲ. ಒಂದು ಬಿಳಿ ಕಾರು, ಅದರ ನೆತ್ತಿಯ ಮೇಲೊಂದು ಬೋರ್ಡು, ಒಳಗೆ ನಾನು. ಹೊಸದಾಗಿ ಸ್ಟೀರಿಂಗ್ ಹಿಡಿದವರನ್ನು ಕೂರಿಸಿಕೊಂಡು ಪೇಟೆಯಲ್ಲಿ ಒಂದು ಸುತ್ತು ಹಾಕಿ ನೋಡಿ, ನನ್ನ ಸಂತೋಷದ ಕಾರಣ ನಿಮಗೇ ತಿಳಿಯುತ್ತದೆ. ಎದುರಿಗೆ ಬಸ್ಸು, ಹಿಂದೆ ಲಾರಿ, ಬಲಕ್ಕೆ ಆಟೊ, ಎಡಕ್ಕೆ ದನ. ಇವೆಲ್ಲದರ ನಡುವೆ ಕ್ಲಚ್ ಯಾವುದು, ಬ್ರೇಕ್ ಯಾವುದು ಎಂದು ಬಗ್ಗಿ ನೋಡುತ್ತಿರುವ ನನ್ನ ಶಿಷ್ಯರು. ಇಂಥ ಬಾಳಿನಲ್ಲಿ ಎಲ್ಲೋ ಒಂದು ಮೋರಿ ಕುಸಿದು, ಬಸ್ಸು ಲಾರಿಗಳೆಲ್ಲ ಬೇರೆ ದಾರಿ ಹಿಡಿದವೆಂದರೆ, ದೇವರೇ ಅಂಗಳ ಗುಡಿಸಿ ನನ್ನ ಕೈಗೆ ಕೊಟ್ಟ ಹಾಗಾಗುತ್ತಿತ್ತು. ಬೆಳಿಗ್ಗೆ ಪತ್ರಿಕೆ ತೆರೆದರೆ ನಾನು ಮೊದಲು ಹುಡುಕುತ್ತಿದ್ದದ್ದು ಯಾವ ರಸ್ತೆ ಬಂದ್ ಎಂಬ ಸುದ್ದಿಯನ್ನು. ಬೇರೆಯವರು ಅದನ್ನು ಓದಿ ಆ ಕಡೆ ಹೋಗುವುದನ್ನು ಬಿಡುತ್ತಾರೆ. ನಾನು ಓದಿ ಹೊರಡುತ್ತಿದ್ದೆ.

ಹಾಗೆ ನೋಡಿದರೆ ನಮ್ಮ ಕಡೆ ‘ರಸ್ತೆ ಬಂದ್’ ಎಂಬ ಬೋರ್ಡನ್ನು ಯಾರೂ ಅಪ್ಪಣೆ ಎಂದು ತಿಳಿಯುವುದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮೂರೂ ತಾಲೂಕುಗಳಲ್ಲಿ ಅದೊಂದು ಅಭಿಪ್ರಾಯ ಮಾತ್ರ. ಅಭಿಪ್ರಾಯ ಎಂದಮೇಲೆ ಇನ್ನೊಬ್ಬರನ್ನೂ ಕೇಳಬೇಕಲ್ಲ? ಹಾಗಾಗಿ ಬೋರ್ಡಿನ ಹತ್ತಿರ ಗಾಡಿ ನಿಲ್ಲಿಸಿ, ಗಾಜು ಇಳಿಸಿ, ಅಲ್ಲಿ ಸುಮ್ಮನೆ ನಿಂತವರನ್ನು ಕೇಳುತ್ತಾರೆ: “ಪೂರ್ತಿ ಬಂದ್ ಆಜ, ಬೋರ್ಡ್ ಹಾಕಿದ್ದ ಅಷ್ಟೇಯ?” ಬಹುಪಾಲು ಬೋರ್ಡ್ ಹಾಕಿದ್ದಷ್ಟೇ ಆಗಿರುತ್ತದೆ. ಮೊದಲು ಬಸ್ಸಿಗೆ ಬಂದ್, ಆಮೇಲೆ ಲಾರಿಗೆ, ಇನ್ನೂ ಹದಗೆಟ್ಟರೆ ಕಾರಿಗೆ. ಬೈಕಿಗೆ ಬಂದ್ ಆದ ರಸ್ತೆಯನ್ನು ನಾನಂತೂ ಕಂಡಿಲ್ಲ. ಕೇಳುವುದಕ್ಕೆ ಯಾರೂ ಇಲ್ಲದಿದ್ದರೆ ಇನ್ನೊಂದು ಪರೀಕ್ಷೆ ಇದೆ. ಸ್ವಲ್ಪ ಹೊತ್ತು ಕಾಯುವುದು. ಎದುರಿನಿಂದ ಏನಾದರೂ ಬಂತೆಂದರೆ ರಸ್ತೆ ಇದೆ ಎಂದು ಅರ್ಥ. ಇದಕ್ಕಿಂತ ದೊಡ್ಡ ಸಾಕ್ಷಿ ನಮಗೆ ಬೇಡ. ಬಂದವರು ಅರ್ಧಕ್ಕೆ ಹೋಗಿ ಹಿಂದಿರುಗಿ ಬರುತ್ತಿರಬಹುದೆಂಬ ಅನುಮಾನ ಯಾರಿಗೂ ಬರುವುದಿಲ್ಲ, ಬಂದವರೂ ಹೇಳುವುದಿಲ್ಲ. ತಾವು ಮೋಸಹೋದ ದಾರಿಯಲ್ಲಿ ಇನ್ನೊಬ್ಬರೂ ಒಮ್ಮೆ ಹೋಗಿಬರಲಿ ಎಂಬ ಸಮಾನತೆಯ ಭಾವ ನಮ್ಮಲ್ಲಿ ಗಟ್ಟಿಯಾಗಿದೆ.

ಸಿದ್ದಾಪುರದ ಕಡೆಗೆ ಹೋಗುವ ಒಂದು ಒಳರಸ್ತೆಯಲ್ಲಿ ಹಳೆಯ ಮೋರಿ ಒಡೆದು ಹೊಸದು ಕಟ್ಟತೊಡಗಿದಾಗ ನನ್ನ ಶಾಲೆಗೆ ಸುಗ್ಗಿ ಬಂತು. ನುಣ್ಣನೆಯ ಡಾಂಬರು, ಎರಡು ತಿರುವು, ಒಂದು ಸಣ್ಣ ಏರು, ನರಪಿಳ್ಳೆಯ ಕಾಟವಿಲ್ಲ. ಆಗ ನನ್ನ ಬಳಿ ಕಲಿಯುತ್ತಿದ್ದವರು ಸಾವಿತ್ರಕ್ಕ. ಅರವತ್ತರ ಹತ್ತಿರದ ಹೆಂಗಸು, ಸಿದ್ದಾಪುರ ರಸ್ತೆಯ ಪಕ್ಕದ ಊರಿನವರು, ತವರು ಮಂಚಿಕೇರಿ. ಅವರ ಯಜಮಾನರಿಗೆ ಕಣ್ಣು ಮಂಜಾದ ಮೇಲೆ ಮನೆಯ ಕಾರು ಕೊಟ್ಟಿಗೆಯ ಪಕ್ಕದಲ್ಲಿ ಹಾಗೇ ನಿಂತಿತ್ತು. ಮೊದಲ ದಿನವೇ ಅವರು ತಾವು ಕಲಿಯುವ ಉದ್ದೇಶವನ್ನು ನನಗೆ ಸ್ಪಷ್ಟಪಡಿಸಿದ್ದರು. “ಮಂಚಿಕೇರಿಗೆ ಅಕ್ಕನ ನೋಡಲೆ ಹೋಗವು ಅಂದ್ರೆ ಒಬ್ಬರ ಕಾರು ಖಾಲಿ ಇರವು, ಇನ್ನೊಬ್ಬರ ಮಗ ಖಾಲಿ ಇರವು. ಆನು ಖಾಲಿ ಇದ್ದಾಗ ಆನೇ ಹೋಪಲೆ ಆಗವು ಮಾಸ್ತರೇ, ಅದಕ್ಕೇ ಕಲೀತೆ.” ತಮಗೆ ಬಿಡುವಾದಾಗ ತಾವೇ ಓಡಿಸಿಕೊಂಡು ಹೋಗಬೇಕೆಂಬ ಇಷ್ಟು ನಿಚ್ಚಳವಾದ ಉದ್ದೇಶವಿಟ್ಟುಕೊಂಡು ನನ್ನಲ್ಲಿಗೆ ಬಂದವರು ಕಡಿಮೆ. ಹೆಚ್ಚಿನವರು ಪಕ್ಕದ ಮನೆಯವರು ಕಲಿತರೆಂದು ಬರುತ್ತಾರೆ.

ಆ ದಿನ ನಾವು ಎಂದಿನಂತೆ ಬೋರ್ಡನ್ನು ಒಂದು ಪಕ್ಕಕ್ಕೆ ಬಿಟ್ಟು ಒಳಗೆ ಹೋದೆವು. ಸಾವಿತ್ರಕ್ಕ ಚೆನ್ನಾಗಿ ಓಡಿಸುತ್ತಿದ್ದರು. ನಾವು ಸಾಮಾನ್ಯವಾಗಿ ಹಿಂದಿರುಗುವ ಜಾಗ ಬಂತು. ನಾನು “ಸಾಕು, ತಿರುಗಿಸೋಣ” ಎನ್ನುವಷ್ಟರಲ್ಲಿ ದೂರದ ತಿರುವಿನಲ್ಲಿ ಒಂದು ಜೀಪು ಕಾಣಿಸಿತು. ಸಾವಿತ್ರಕ್ಕನ ಮುಖ ಅರಳಿತು. “ಎದ್ರಿಂದ ಜೀಪು ಬಂತಲ ಮಾಸ್ತರೇ! ರಸ್ತೆ ಇದ್ದು ಹೇಳಾತು. ಸಿದ್ದಾಪುರದವರೆಗೂ ಹೋಗನ” ಎಂದರು. ಅವರದ್ದು ತಪ್ಪಲ್ಲ, ಹುಟ್ಟಿದಾಗಿನಿಂದ ಕಂಡ ನ್ಯಾಯ ಅದು. ನನಗೂ ಹೌದೆನ್ನಿಸಿತು. ಮೂರನೇ ಗೇರು ಹಾಕಿಸಿದೆ. ನಾವು ಸಂತೋಷದಿಂದ ಜೀಪಿನ ಹತ್ತಿರ ಹತ್ತಿರ ಹೋದೆವು, ಜೀಪೂ ಅಷ್ಟೇ ಸಂತೋಷದಿಂದ ನಮ್ಮ ಹತ್ತಿರ ಬಂತು. ಅದು ಪೊಲೀಸರ ಜೀಪು. ಬೋರ್ಡನ್ನು ಲೆಕ್ಕಿಸದೆ ನುಗ್ಗುವವರನ್ನು ಹಿಡಿಯಲೆಂದೇ ಬಂದದ್ದು.

ಹಾವೇರಿ ಕಡೆಯ ಪೊಲೀಸರೊಬ್ಬರು ಇಳಿದು ಕಾರನ್ನು ಸುತ್ತು ಹಾಕಿ ಓದಿದರು. ನನ್ನ ಕಾರಿನಲ್ಲಿ ಓದುವುದಕ್ಕೆ ಬೇಕಾದಷ್ಟಿದೆ. ನೆತ್ತಿಯ ಬೋರ್ಡಿನಲ್ಲಿ ಶಾಲೆಯ ಹೆಸರು, ಬಾಗಿಲ ಮೇಲೆ ಫೋನ್ ನಂಬರು, ಹಿಂದೆ ದಪ್ಪ ಅಕ್ಷರದಲ್ಲಿ ‘ನಿಯಮ ಪಾಲಿಸಿ, ನೆಮ್ಮದಿಯಿಂದ ಬಾಳಿ’. ಹಿಂದಿನದನ್ನು ಓದಿ ಮುಗಿಸಿದವರೇ “ಏನ್ರೀ ಮಾಸ್ತರ, ಬೋರ್ಡ್ ಬರಿಯಾಕ ಬರ್ತದ, ಓದಾಕ ಬರಂಗಿಲ್ಲೇನ್ರಿ?” ಎಂದರು. ಕಲಿಯುವವರು ಏನು ಮಾಡಿದರೂ ಹೊಣೆ ಕಲಿಸುವವರದ್ದೆಂದು ಹೇಳಿ ನನ್ನ ಮೇಲೆ ಕೇಸು ಹಾಕಿದರು. ಹಿಂದಿರುಗುವಾಗ ‘ರಸ್ತೆ ಬಂದ್’ ಬೋರ್ಡಿನ ಪಕ್ಕದಲ್ಲಿ ನನ್ನ ಕಾರನ್ನು ನಿಲ್ಲಿಸಿ ಎರಡೂ ಬೋರ್ಡು ಬರುವ ಹಾಗೆ ಒಂದು ಫೋಟೊ ತೆಗೆದುಕೊಂಡರು. ನಾನು ಹೆಂಡತಿ ಶೈಲಾಳಿಗೆ ಹೇಗೆ ಹೇಳಲಿ ಎಂದು ಯೋಚಿಸುತ್ತ ಮನೆ ಸೇರುವಷ್ಟರಲ್ಲಿ ಆ ಫೋಟೊ ಎಲ್ಲಿಂದಲೋ ನನಗಿಂತ ಮೊದಲೇ ಮನೆ ಸೇರಿತ್ತು. “ಊರವ್ವೆಲ್ಲ ಬಂದ್ ರಸ್ತೆ ಬಿಟ್ಟು ಸುತ್ತಿ ಹೋಗ್ತ. ನಮ್ಮನೇವು ಸುತ್ತಿ ಹೋಗಿ ಬಂದ್ ರಸ್ತೆ ಸೇರ್ತ” ಎಂದು ಶೈಲಾ ಮೊಬೈಲನ್ನು ನನ್ನ ಮುಂದೆ ಹಿಡಿದಳು. ಫೋಟೊದಲ್ಲಿ ಫೋನ್ ನಂಬರು ಬಹಳ ಸ್ಪಷ್ಟವಾಗಿ ಬಂದಿತ್ತು.

ಆಮೇಲೆ ಫೋನು ಸುಮ್ಮನಾಗಲಿಲ್ಲ. ನನ್ನ ಕೇಸಿನ ಬಗ್ಗೆ ಅಭಿಪ್ರಾಯವಿಲ್ಲದವರು ಮೂರು ತಾಲೂಕಿನಲ್ಲಿ ಯಾರೂ ಉಳಿದಿರಲಿಲ್ಲ. ಬನವಾಸಿಯ ವ್ಯಾಪಾರಿಯೊಬ್ಬರು, ಹಿಂದೆ ನನ್ನ ಬಳಿ ಕಲಿತವರು, ಫೋನಿನಲ್ಲೇ ಸಿಟ್ಟಾದರು. “ಎಂಥಾ ಕಾಲ ಬಂತ್ರಿ ಮಾಸ್ತರ, ಮೋರಿ ಕಟ್ಟಿ ಮುಗಸದವ್ರ ಮ್ಯಾಲೆ ಕೇಸಿಲ್ಲ, ರಸ್ತೆದಾಗ ಹೋದವ್ರ ಮ್ಯಾಲೆ ಕೇಸು! ನೀವ್ ಚಿಂತಿ ಮಾಡಬ್ಯಾಡ್ರಿ, ನಾವದೀವಿ.” ಇದ್ದು ಏನು ಮಾಡುತ್ತಾರೆಂದು ಅವರು ಹೇಳಲಿಲ್ಲ. ಯಲ್ಲಾಪುರದ ಲಾರಿಯವರೊಬ್ಬರು, ನನ್ನನ್ನು ಕಂಡೇ ಇಲ್ಲದವರು, ನನಗೆ ಶಿಕ್ಷೆಯಾಗಲೇಬೇಕೆಂದು ವಾಟ್ಸ್ಆ್ಯಪಿನಲ್ಲಿ ಉದ್ದಕ್ಕೆ ಬರೆದರು. ಕಾರು ಕಲಿಯುವವರಿಂದ ತಾವು ಪಟ್ಟ ಪಾಡನ್ನೆಲ್ಲ ನನ್ನ ತಲೆಗೆ ಕಟ್ಟಿದ್ದರು. ಕಷಾಯದ ಅಂಗಡಿಯಲ್ಲಿ ಒಬ್ಬ ಹಿರಿಯರು “ಕಾನೂನು ಅಂದ್ರೆ ಕಾನೂನೇಯ, ಮಾಸ್ತರಾದವ್ವೇ ಹೀಂಗೆ ಮಾಡಿದ್ರೆ ಹೆಂಗೆ?” ಎಂದು ನನಗೆ ಕೇಳಿಸುವ ಹಾಗೆ ಇನ್ನೊಬ್ಬರಿಗೆ ಹೇಳಿದರು. ಅಂಗಡಿಯ ಹೊರಗೆ ನಿಂತಿದ್ದ ಅವರ ಸ್ಕೂಟರಿಗೆ ಆ ಮೋರಿಯ ಕೆಮ್ಮಣ್ಣು ಹಸಿಯಾಗಿಯೇ ಮೆತ್ತಿಕೊಂಡಿತ್ತು. ಎಲ್ಲಕ್ಕಿಂತ ಕಷ್ಟವಾದದ್ದು ಹೊಸ ಶಿಷ್ಯರದ್ದು. “ನಿಮ್ಮಲ್ಲಿ ಬಂದ್ ರಸ್ತೆಯಲ್ಲೇ ಕಲಿಸ್ತೀರಂತೆ, ನಮ್ಮನೆಯವಳಿಗೆ ಲಾರಿ ಕಂಡ್ರೆ ಹೆದರಿಕೆ, ಒಂದು ಸೀಟ್ ಇಡಿ” ಎಂದು ಕೇಳುವವರಿಗೆ ಏನು ಹೇಳುವುದು? ಇಷ್ಟು ವರ್ಷ ಜಾಹೀರಾತು ಕೊಟ್ಟಾಗ ಒಬ್ಬರೂ ಹೀಗೆ ಕೇಳಿರಲಿಲ್ಲ.

ಹೊರಗೆ ನಗುತ್ತಿದ್ದೆ, ಒಳಗೆ ನಿಜವಾಗಿ ಹೆದರಿದ್ದೆ. ಕೋರ್ಟಿನವರು ಇದನ್ನು ದೊಡ್ಡ ತಪ್ಪೆಂದು ತಿಳಿದರೆ ಶಾಲೆಯ ಪರವಾನಗಿಗೇ ಕುತ್ತು ಬರಬಹುದೆಂದು ತಿಳಿದವರು ಹೇಳಿದ್ದರು. ನನಗೆ ಬೇರೆ ಕಸುಬು ಬರುವುದಿಲ್ಲ. ಇನ್ನೊಬ್ಬರು ಓಡಿಸುವಾಗ ಪಕ್ಕದಲ್ಲಿ ಕೂತು ಹೇಳುವುದನ್ನು ಬಿಟ್ಟರೆ ನಾನು ಯಾವುದಕ್ಕೂ ಉಪಯೋಗವಿಲ್ಲ. ಈ ಗುಣಕ್ಕೆ ಸಂಬಳ ಕೊಡುವ ಬೇರೆ ಕೆಲಸ ಶಿರಸಿಯಲ್ಲಿ ಇಲ್ಲ. ಅನ್ನ ಸೇರದಾಯಿತು. ಸಾವಿತ್ರಕ್ಕ ಫೋನ್ ಮಾಡಿ “ಕೇಸ್ ಮುಗಿಯವರೆಗೆ ಕಲಿಸ್ತ್ರಿಲ್ಯ?” ಎಂದು ಕೇಳಿದಾಗ “ಶಾಲೆ ಉಳಿದರೆ ಕಲಿಸುತ್ತೇನೆ” ಎಂದುಬಿಟ್ಟೆ. ಅವರು ಫೋನ್ ಇಟ್ಟರು. ನನ್ನ ಶಾಲೆ ಮುಚ್ಚಿದರೆ ಅವರ ಮಂಚಿಕೇರಿಯೂ ಬಂದ್ ಆಗುತ್ತದೆಂದು ಹೊಳೆದು ನನಗೆ ಇನ್ನಷ್ಟು ಬೇಸರವಾಯಿತು.

ಶೈಲಾಳ ತಮ್ಮ ವಕೀಲ. ಕೋರ್ಟಿನ ಮೆಟ್ಟಿಲು ಹತ್ತುವಾಗಲೇ ಅವನು ನನಗೆ ಬುದ್ಧಿ ಹೇಳಿದ. “ಭಾವ, ಒಳಗೆ ಹೋಗಿ ಮೋರಿ, ಇಲಾಖೆ, ಎದುರಿಂದ ಬಂದ ಜೀಪು ಹೇಳಿ ಭಾಷಣ ಮಾಡಡ. ತಪ್ಪಾತು ಹೇಳಿ ಸುಮ್ನೆ ನಿತ್ಕ.” ಒಳಗೆ ಹೋದರೆ ಜಾತ್ರೆ. ಕೇಳಲೆಂದೇ ಬಂದವರು ಗೋಡೆಗಂಟಿ ನಿಂತಿದ್ದರು. ಸಿದ್ದಾಪುರದ ಕಡೆಯ ಪರಿಚಿತರೊಬ್ಬರು ಬೆವರು ಒರೆಸಿಕೊಳ್ಳುತ್ತ ಎಲ್ಲರಿಗಿಂತ ಕೊನೆಗೆ ಬಂದು ಸೇರಿದರು. “ಸುತ್ತಿ ಬಂದ್ರೆ ನಿಮ್ಮ ಕೇಸು ತಪ್ಪೋಗ್ತಿತ್ತು, ಅದಕ್ಕೆ ಅದೇ ಬಂದ್ ರಸ್ತೆಲಿ ಬಂದೆ” ಎಂದು ಪಿಸುಗುಟ್ಟಿದರು. ಅವರ ಪ್ರೀತಿಗೆ ಕೈ ಮುಗಿದು ನಾನು ಪೊಲೀಸರು ಕೇಳಿಸಿಕೊಂಡರೋ ಎಂದು ನೋಡಿದೆ.

ನ್ಯಾಯಾಧೀಶರು ಕಾಗದ ನೋಡಿ, ನನ್ನನ್ನು ನೋಡಿ, “ರಸ್ತೆ ಬಂದ್ ಎಂದು ಬರೆದದ್ದು ಯಾರಿಗೆ?” ಎಂದು ಕೇಳಿದರು. “ಎಲ್ಲರಿಗೂ ಸ್ವಾಮಿ” ಎಂದೆ. “ನಿಮಗೆ?” “ತಪ್ಪಾಯಿತು ಸ್ವಾಮಿ.” ಭಾವಮೈದುನ ಹೇಳಿಕೊಟ್ಟದ್ದು ಅಷ್ಟೇ ಇದ್ದದ್ದರಿಂದ ನಾನು ಅಲ್ಲಿಗೆ ನಿಂತೆ. ಆದರೆ ಹಿಂದಿನ ಬೆಂಚಿನಿಂದ ಯಾರೂ ಕರೆಯದೆ ಸಾವಿತ್ರಕ್ಕ ಎದ್ದು ನಿಂತುಬಿಟ್ಟರು. “ಸ್ವಾಮಿ, ಸ್ಟೀರಿಂಗ್ ಹಿಡಿದವಳು ನಾನು. ಮುಂದೆ ಹೋಗುವ ಅಂತ ಹೇಳಿದವಳೂ ನಾನು. ಅವರ ಶಾಲೆ ಮುಚ್ಚಬೇಡಿ. ನನಗೆ ಇನ್ನೂ ಪೂರ್ತಿ ಬರುವುದಿಲ್ಲ.” ಗೋಡೆಗಂಟಿದವರೆಲ್ಲ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ನ್ಯಾಯಾಧೀಶರು ಎಲ್ಲರನ್ನೂ ಸುಮ್ಮನಾಗಿಸಿ, “ಕೂತುಕೊಳ್ಳಿ ಅಮ್ಮ. ತಪ್ಪು ಪಕ್ಕದಲ್ಲಿ ಕೂತವರದ್ದೇ. ನೀವು ಕಲಿಯುವುದನ್ನು ಬಿಡಬೇಡಿ, ಅವರು ತೆರೆದ ರಸ್ತೆಯಲ್ಲಿ ಕಲಿಸಲಿ” ಎಂದರು. ನನಗೆ ದಂಡ ಹಾಕಿ, ಎಚ್ಚರಿಕೆ ಹೇಳಿ ಬಿಟ್ಟರು. ಪರವಾನಗಿಯ ಮಾತೇ ಬರಲಿಲ್ಲ.

ಹೊರಗೆ ಬಂದಾಗ ಮೈ ಹಗುರಾಗಿತ್ತು. ದಂಡ ಕಟ್ಟಿ ಇಷ್ಟು ಸಂತೋಷಪಟ್ಟವರನ್ನು ಆ ಕೋರ್ಟು ಕಂಡಿರಲಾರದು. ಸಿಕ್ಕಿದವರೆಲ್ಲ ಕೈ ಕುಲುಕಿದರು, ಶಿಕ್ಷೆಯಾಗಬೇಕು ಎಂದವರೂ ಕುಲುಕಿದರು. ಸಾವಿತ್ರಕ್ಕ ಮಾತ್ರ ಹೊತ್ತು ಹಾಳುಮಾಡಲಿಲ್ಲ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಡ್ರೈವರ್ ಸೀಟಿನಲ್ಲಿ ಕೂತು, “ತೆರೆದ ರಸ್ತೆಲಿ ಕಲಿಸಿ ಹೇಳಿದ್ವಲ, ಬನ್ನಿ” ಎಂದರು. ನಾನು ಪಕ್ಕದಲ್ಲಿ ಕೂತು ಬೆಲ್ಟು ಬಿಗಿದುಕೊಂಡೆ.

ಐದು ರಸ್ತೆ ಸರ್ಕಲ್ ತಲುಪುವಷ್ಟರಲ್ಲಿ ಕಾರು ನಿಂತುಬಿಟ್ಟಿತು. ಸಾವಿತ್ರಕ್ಕ ಮತ್ತೆ ಚಾಲೂ ಮಾಡಿದರು, ಕಾರು ಒಮ್ಮೆ ಮುಗ್ಗರಿಸಿ ಮತ್ತೆ ನಿಂತಿತು. ಐದೂ ರಸ್ತೆಗಳಿಂದ ಹಾರ್ನು ಶುರುವಾಯಿತು. ಬಸ್ಸಿನವರು ತಲೆ ಹೊರಗೆ ಹಾಕಿ ನೆತ್ತಿಯ ಬೋರ್ಡು ಓದಿ, ಗುರುತು ಹಿಡಿದು, “ಓ, ಇವರಾ! ಇವರನ್ನ ಬಂದ್ ರಸ್ತೆಗೇ ಕಳಿಸ್ರೋ ಮಾರಾಯ್ರಾ!” ಎಂದು ಕೂಗಿದರು. ಅಲ್ಲಿ ನೆರೆದವರೆಲ್ಲರೂ ಅದಕ್ಕೆ ಒಪ್ಪಿದರು. ನನ್ನ ಕೇಸಿನಲ್ಲಿ ಸಾರ್ವಜನಿಕರು ಒಮ್ಮತಕ್ಕೆ ಬಂದದ್ದು ಅದೇ ಮೊದಲು. ನಾನು ಗಾಬರಿಯಲ್ಲಿ “ಕ್ಲಚ್ ಮೆಲ್ಲಗೆ ಬಿಡಿ, ಆಕ್ಸಿಲರೇಟರ್ ಕೊಡಿ, ಹೆದರಬೇಡಿ, ಹೆದರಬೇಡಿ” ಎಂದು ಕೂಗುತ್ತಿದ್ದೆ. ಸಾವಿತ್ರಕ್ಕ ಹೆದರಿರಲಿಲ್ಲ. ಅವರು ಶಾಂತವಾಗಿ ಬಗ್ಗಿ ನನ್ನ ಕಾಲಿನ ಕಡೆ ನೋಡಿದರು. ಕಲಿಸುವ ಕಾರುಗಳಲ್ಲಿ ಮಾಸ್ತರರ ಕಾಲಡಿಗೂ ಒಂದು ಬ್ರೇಕ್ ಇರುತ್ತದೆ, ಶಿಷ್ಯರು ತಪ್ಪಿದರೆ ಒತ್ತಲಿಕ್ಕೆ. ಸರ್ಕಲ್ಲಿನಲ್ಲಿ ಮೊದಲ ಲಾರಿ ಕಂಡಲ್ಲಿಂದ ನನ್ನ ಎರಡೂ ಕಾಲು ಅದರ ಮೇಲೇ ಇದ್ದವಂತೆ.

“ಮಾಸ್ತರೇ, ನಿಂಗ ಕಾಲು ತೆಗದ್ರೆ ಆನು ಹೋಗ್ತೆ” ಎಂದರು.

ತೆಗೆದೆ. ಹೋದರು.