ಹಾರಿಹೋದ ಶೀಟು, ಉಕ್ಕಬೇಕಾದ ಹಾಲು

ಕೆಲವರ ಮನೆಗೆ ನೆಂಟರು ಬರುತ್ತಾರೆ, ಕೆಲವರ ಮನೆಗೆ ಕಳ್ಳರು. ನನ್ನಲ್ಲಿಗೆ ಬರುವುದು ಇಂಥ ಪ್ರಸಂಗಗಳು. ಹಡಗಿನ ಸರಕು ಸಾಗಿಸುವ ಕೆಲಸದಲ್ಲಿ ಡರ್ಬನ್, ಕೊಲಂಬೊ, ರಾಟರ್‌ಡ್ಯಾಮ್ ಎಂದು ಸುತ್ತಿದವಳು ನಾನು. ಎಲ್ಲಿ ಹೋದರೂ ನನ್ನ ಪೆಟ್ಟಿಗೆಗಿಂತ ಮೊದಲು ಅವು ತಲುಪಿ ಕಾದು ಕುಳಿತಿರುತ್ತವೆ.

ಕೊನೆಗೆ ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನ ಆಫೀಸಿಗೆ ಬಂದು ಬಿದ್ದೆ. ಕಲೂರಿನ ಒಂದು ಓಣಿಯಲ್ಲಿ ಹಳೆಯ ಹೆಂಚಿನ ಮನೆ ಕೊಂಡೆ. ಹಿಂದಿನವರು ಆಮೇಲೆ ಸೇರಿಸಿದ ಅಡುಗೆಮನೆಗೆ ಮಾತ್ರ ತಗಡಿನ ಶೀಟು. ಜೀವಮಾನದಲ್ಲಿ ನನ್ನದೆಂದು ಹೇಳಿಕೊಳ್ಳಬಹುದಾದ ಮೊದಲ ಮನೆ. ತಿರುವನಂತಪುರದಲ್ಲಿರುವ ಅಕ್ಕ ಸುದ್ದಿ ಕೇಳಿ ಫೋನಿನಲ್ಲೇ ತೀರ್ಪು ಕೊಟ್ಟಳು.

"ನಿನಗೆ ಸೂಟ್‌ಕೇಸೇ ಮನೆ ಮಾರಾಯ್ತಿ. ಸರಿಯಾಗಿ ಹಾಲು ಉಕ್ಕಿಸದೆ ಸೇರಿಕೊಂಡರೆ ಇಲ್ಲಿಯೂ ನಿಲ್ಲಲಿಕ್ಕಿಲ್ಲ ನೀನು."

ಕಾಸರಗೋಡು ಬಿಟ್ಟು ಎಷ್ಟೋ ವರ್ಷವಾದರೂ ಅಕ್ಕನ ಶಾಸ್ತ್ರ ಊರು ಬಿಟ್ಟಿಲ್ಲ. ಭಟ್ಟರನ್ನು ಕೇಳಿ ಭಾನುವಾರ ಬೆಳಿಗ್ಗೆಗೆ ಮುಹೂರ್ತ ಇಟ್ಟಳು. ನನಗೆ ಇದರಲ್ಲೆಲ್ಲ ನಂಬಿಕೆಯಿಲ್ಲ. ಆದರೆ ಇಷ್ಟು ಊರು ತಿರುಗಿದ ಮೇಲೆ ಒಂದು ಮನೆಯಲ್ಲಾದರೂ ನಿಲ್ಲಬೇಕೆಂಬ ಆಸೆಗೆ ನಂಬಿಕೆಯ ಹಂಗೇನಿಲ್ಲ.

ಮಂಗಳವಾರ ಸಂಜೆ ಗಾಳಿ ಬಂತು. ಹೆಂಚಿನ ಭಾಗ ಅಲ್ಲಾಡಲಿಲ್ಲ. ಅಡುಗೆಮನೆಯ ಶೀಟುಗಳನ್ನು ಮಾತ್ರ ಡಬ್ಬದ ಮುಚ್ಚಳ ತೆಗೆದ ಹಾಗೆ ತೆಗೆದುಬಿಟ್ಟಿತು. ಹಾಲು ಉಕ್ಕಬೇಕಾದ ಕೋಣೆಗೇ ಸೂರಿಲ್ಲ.

"ಮುಂದೂಡೋಣವೇ?" ಎಂದು ಅಕ್ಕನಿಗೆ ಫೋನ್ ಮಾಡಿದೆ.

"ಹೇಗೆ ಮುಂದೂಡುವುದು? ಇದು ತಪ್ಪಿದರೆ ಶುಭಕಾರ್ಯವಿಲ್ಲದ ಆಟಿ ತಿಂಗಳು ಕಳೆಯಬೇಕು. ಅಷ್ಟರಲ್ಲಿ ನೀನು ಯಾವ ದೇಶದಲ್ಲಿರುತ್ತೀಯೋ!"

ರಾಕೆಟ್ಟಿನವರು ಮತ್ತು ಸೂರಿನವರು

ಗಾಳಿ ಬಂದುಹೋದ ಊರಿನಲ್ಲಿ ಸೂರಿನ ಕೆಲಸದವರು ಮಂತ್ರಿಗಳಿದ್ದ ಹಾಗೆ. ಫೋನ್ ಎತ್ತುವುದಿಲ್ಲ; ಎತ್ತಿದರೂ ಆಶ್ವಾಸನೆ ಕೊಡುತ್ತಾರೆ. ಕೊಚ್ಚಿಯಲ್ಲಿ ಒಬ್ಬರೂ ಸಿಗದೆ, ಅಕ್ಕನ ಮನೆಯ ಶೀಟು ಹಾಕಿದ್ದ ಮೇಸ್ತ್ರಿಯನ್ನು ಕರೆತರಲು ತಿರುವನಂತಪುರಕ್ಕೆ ರೈಲು ಹತ್ತಿದೆ.

ಮೇಸ್ತ್ರಿ ವಿಳಿಂಜಂನವರು. ಮೊದಲು ಮೀನು ಹಿಡಿಯುವ ದೋಣಿಯಲ್ಲಿದ್ದು, ಆಮೇಲೆ ಸೂರು ಹತ್ತಿದವರು. ನಮ್ಮ ಭಾವ ರಾಕೆಟ್ ಹಾರಿಸುವ ಸಂಸ್ಥೆಯಲ್ಲಿ ವಿಜ್ಞಾನಿ. ಮೀಟಿಂಗ್ ಮಾಡದೆ ಅವರು ಮನೆಗೆ ತೆಂಗಿನಕಾಯಿಯನ್ನೂ ತರುವುದಿಲ್ಲ. ಮೇಸ್ತ್ರಿಯನ್ನು ಸೋಫಾದಲ್ಲಿ ಕೂರಿಸಿ ವಿಚಾರಣೆ ಶುರುಮಾಡಿದರು. ಗಾಳಿಯ ವೇಗ ಎಷ್ಟೆಂದು ಹಿಡಿದಿದ್ದೀರಿ? ಒಂದು ಬೋಲ್ಟು ಕೈಕೊಟ್ಟರೆ ಪರ್ಯಾಯ ಏನು? ಮೊದಲು ಚಿಕ್ಕದೊಂದು ಸೂರು ಕಟ್ಟಿ ಪರೀಕ್ಷೆ ಮಾಡಬಾರದೇಕೆ?

ಮೇಸ್ತ್ರಿ ಚಹಾ ಮುಗಿಸಿ, ಲೋಟ ಕೆಳಗಿಟ್ಟು, ಬಹಳ ವಿನಯದಿಂದ ಹೇಳಿದರು.

"ಸಾರ್, ನೀವು ಮಾಡಿದ್ದು ಮೇಲೆ ಹೋಗಬೇಕು. ನಾನು ಮಾಡಿದ್ದು ಮೇಲೆ ಹೋಗಬಾರದು. ನಮ್ಮಿಬ್ಬರ ಲೈನೇ ಬೇರೆ."

ಮೇಲಿನಿಂದ ಬಂದ ಮೀನು

ಅಕ್ಕ ಭಾವ ಇಬ್ಬರೂ ನಮ್ಮ ಜೊತೆಗೇ ಕೊಚ್ಚಿಗೆ ಹೊರಟರು. ಬಂದವಳೇ ಅಕ್ಕ ಅಡುಗೆಮನೆ ತೊಳೆದು, ಒಲೆಯ ಸುತ್ತ ರಂಗೋಲಿ ಹಾಕಿ, ಹಾಲು ಉಕ್ಕುವವರೆಗೆ ಈ ಕಾಂಪೌಂಡಿನೊಳಗೆ ಮೀನು ಬರಕೂಡದು ಎಂದು ಕಾನೂನು ಮಾಡಿದಳು.

ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟರು. ಮಧ್ಯಾಹ್ನ ಅನ್ನದ ಜೊತೆ ಮೀನಿಲ್ಲದಿದ್ದರೆ ತಮಗೆ ತಲೆ ತಿರುಗುತ್ತದೆ, ತಲೆ ತಿರುಗುವವನು ಸೂರು ಹತ್ತುವುದು ಕ್ಷೇಮವಲ್ಲ ಎಂದರು. ಬಂದರುಗಳಲ್ಲಿ ಇದಕ್ಕಿಂತ ಕಠಿಣ ಜಗಳ ಬಿಡಿಸಿದವಳು ನಾನು. ಸಂಧಾನ ಮಾಡಿಸಿದೆ: ಸೂರಿನ ಕೆಳಗೆ ಅಕ್ಕನ ಮಡಿ, ಸೂರಿನ ಮೇಲೆ ಮೇಸ್ತ್ರಿಯ ಊಟ.

ಒಪ್ಪಂದದ ಪ್ರಕಾರ ಮೇಸ್ತ್ರಿ ತೊಲೆಯ ಮೇಲೆ ಕುಳಿತು ಪೊಟ್ಟಣ ಬಿಚ್ಚಿದರು. ಒಪ್ಪಂದಕ್ಕೆ ಸಹಿ ಹಾಕದ ಕಾಗೆಯೊಂದು ಎರಗಿ ಮೀನಿನ ತಲೆ ಎತ್ತಿಕೊಂಡಿತು. ಭಾರ ಜಾಸ್ತಿಯಾಯಿತೋ ಏನೋ, ಸೂರಿಲ್ಲದ ಅಡುಗೆಮನೆಯ ಸರಿಯಾಗಿ ನಡುವಿಗೆ, ಅಕ್ಕನ ರಂಗೋಲಿಯ ಮೇಲೆ, ಬಿಟ್ಟುಬಿಟ್ಟಿತು.

ಅಕ್ಕನ ಬಾಯಿಂದ ಶಬ್ದ ಬರುವ ಮೊದಲೇ ಮೇಲಿನಿಂದ ಮೇಸ್ತ್ರಿಯ ಮುಖ ಇಣುಕಿ, ಮಲಯಾಳದಲ್ಲಿ ಅಕ್ಕ ಎಂದೇ ಕರೆಯಿತು. "ಚೇಚಿ, ತಲೆಯೇ ಒಳ್ಳೆ ಭಾಗ. ಸ್ವಲ್ಪ ಮೇಲೆ ಎಸೆಯುತ್ತೀರಾ?"

ಭಾವ ಅದನ್ನು ಇಕ್ಕಳದಲ್ಲಿ ಹಿಡಿದು, ಗುರಿ ನೋಡಿ, ಎಸೆದರು. ತೊಲೆ ಮುಟ್ಟಲಿಲ್ಲ. ಮತ್ತೆ ಎಸೆದರು, ಈ ಸಲ ಅದು ಹಾಲಿನ ಪಾತ್ರೆಯ ಪಕ್ಕದಲ್ಲೇ ಬಿತ್ತು. ಅಕ್ಕ ಇಕ್ಕಳ ಕಿತ್ತುಕೊಂಡು ಒಂದೇ ಏಟಿಗೆ ಮೇಸ್ತ್ರಿಯ ಎಲೆಗೆ ಮುಟ್ಟಿಸಿದಳು. ಆಮೇಲೆ ಗಂಡನ ಕಡೆ ತಿರುಗಿ, "ಇಷ್ಟು ವರ್ಷ ಆಫೀಸಿನಲ್ಲಿ ಎಂತ ಮಾಡಿದಿರಿ ನೀವು?" ಎಂದಳು.

ದೇವರ ಶೀಟು

ಸುತ್ತಮುತ್ತ ಬಿದ್ದಿದ್ದ ಶೀಟುಗಳನ್ನೆಲ್ಲ ಮೇಸ್ತ್ರಿ ಬಡಿದು ನೇರ ಮಾಡಿ ಕೂರಿಸಿದರು. ಒಂದು ಕಡಿಮೆ ಬಂತು. ಅದೂ ಒಲೆಯ ನೇರಕ್ಕೆ ಇರಬೇಕಾದದ್ದು. ಅಳತೆಗೆ ಕತ್ತರಿಸಿ ಕೊಡುವ ಅಂಗಡಿಯವರು, ಊರಿನ ಅರ್ಧ ಸೂರು ನಮ್ಮಲ್ಲೇ ಸರದಿ ನಿಂತಿದೆ, ಭಾನುವಾರದೊಳಗೆ ಸಾಧ್ಯವೇ ಇಲ್ಲ ಎಂದರು.

ಹುಡುಕುತ್ತಾ ಹೊರಟೆ. ಓಣಿಯ ಕೊನೆಯ ಮನೆಯಲ್ಲಿ ಕೋಳಿ ಸಾಕುವ ಒಬ್ಬರಿದ್ದಾರೆ, ಓಣಿಗೆಲ್ಲ ಚೇಟ್ಟನ್, ಅಂದರೆ ಅಣ್ಣ. ಅವರ ಕೋಳಿಗೂಡಿನ ಮೇಲೆ ನನ್ನ ಶೀಟು ಹೊಸ ಅಳಿಯನಂತೆ ನೆಮ್ಮದಿಯಾಗಿ ಮಲಗಿತ್ತು. ಅದೇ ಇಟ್ಟಿಗೆ ಬಣ್ಣ, ಅದೇ ಮೂಲೆಯಲ್ಲಿ ಹಿಂದಿನ ಮಾಲೀಕ ಚೆಲ್ಲಿದ್ದ ಹಸಿರು ಪೇಂಟು.

"ಗೂಡಿಗೊಂದು ಸೂರು ಬೇಕೆಂದು ನನ್ನವಳು ಪ್ರತಿ ಮಂಗಳವಾರ ಇಗರ್ಜಿಯಲ್ಲಿ ಮೇಣದ ಬತ್ತಿ ಹಚ್ಚುತ್ತಿದ್ದಳು ಚೇಚಿ. ಮೊನ್ನೆ ಮಂಗಳವಾರ ಹಚ್ಚಿ ಬಂದು ಚಪ್ಪಲಿ ಬಿಡುತ್ತಿದ್ದಾಳೆ, ಆಕಾಶದಿಂದ ಬಂತು!" ಎಂದರು. ಕಣ್ಣು ಒದ್ದೆಯಾಗಿತ್ತು.

"ಚೇಟ್ಟಾ, ಇದು ನನ್ನ ಅಡುಗೆಮನೆಯದು."

ಅವರು ಸ್ವಲ್ಪವೂ ಕದಲಲಿಲ್ಲ. "ಇರಬಹುದು ಚೇಚಿ. ದೇವರಾದರೂ ಎಲ್ಲಿಂದಾದರೂ ತೆಗೆಯಬೇಕಲ್ಲ?"

ಭಾನುವಾರ ಹಾಲು ಕಾಯಿಸುತ್ತೇವೆ, ಮನೆಯವರೆಲ್ಲ ಬನ್ನಿ ಎಂದು ಕರೆದು ವಾಪಸಾದೆ.

ಕೈ ಮುಗಿದ ಅಭ್ಯರ್ಥಿ

ಉಳಿದ ಕಂಡಿಗೆ ಮೇಸ್ತ್ರಿ ಎಲ್ಲಿಂದಲೋ ಒಂದು ಫ್ಲೆಕ್ಸ್ ತಂದು ಬಿಗಿದರು. ಕಳೆದ ಚುನಾವಣೆಯಲ್ಲಿ ಸೋತ ಅಭ್ಯರ್ಥಿಯದು; ಮುಖ ಒಂದೇ ಎಮ್ಮೆಯಷ್ಟಿತ್ತು. ಚಿತ್ರ ಮೇಲ್ಮುಖವಾಗಿ ಹಾಸಿ ಅವರು ಇಳಿಯುವಷ್ಟರಲ್ಲಿ ಎದುರು ಮನೆಯ ಮಹಡಿಯಿಂದ ಬೇರೆ ಪಕ್ಷದ ಮೇಷ್ಟ್ರು ಕೂಗಿದರು. "ಮೇಡಂ, ನೀವು ಹೊಸಬರು. ಆದರೂ ಇಷ್ಟು ಬೇಗ ಪಕ್ಷ ಸೇರಬೇಕಾಗಿರಲಿಲ್ಲ. ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತಾ ನಾನು ಇವನ ಮೋರೆ ನೋಡಬೇಕೋ?"

ಸರಿ, ತಿರುಗಿಸಿ ಹಾಕಿಸಿದೆ. ಈಗ ಅಭ್ಯರ್ಥಿ ಒಲೆಯ ಮೇಲಿನಿಂದ ಕೈ ಮುಗಿದು ನನ್ನ ಸಾರಿನ ಪಾತ್ರೆಯನ್ನೇ ನೋಡತೊಡಗಿದರು. ಶುಕ್ರವಾರ ಸಂಜೆ ಒಂದು ಮಳೆ ಬಂತು. ಒಂದು ಹನಿಯೂ ಒಳಗೆ ಬೀಳಲಿಲ್ಲ. ನಾನು ಅವರಿಗೆ ಓಟು ಹಾಕಿದವಳಲ್ಲ. ಆದರೂ ಈ ಊರಿನಲ್ಲಿ ನನಗಾಗಿ ನೆನೆದವರು ಅವರೊಬ್ಬರೇ.

ಉಡುಗೊರೆ

ಭಾನುವಾರ ಬೆಳಿಗ್ಗೆ ಎಲ್ಲರೂ ಬಂದರು. ಮೇಷ್ಟ್ರು ಅಭ್ಯರ್ಥಿಗೆ ಬೆನ್ನು ಹಾಕಿ ನಿಂತರು. ಮೇಸ್ತ್ರಿ ಗರಿಗರಿ ಮುಂಡು ಉಟ್ಟು ಅತಿಥಿಯಾಗಿ ಬಂದರು. ಭಟ್ಟರು ಮಂತ್ರ ಶುರುಮಾಡಿದರು, ಅಕ್ಕ ಒಲೆ ಹಚ್ಚಿದಳು, ಮಳೆ ಧೋ ಎಂದು ಹಿಡಿಯಿತು.

ಈ ಸಲದ್ದು ಶುಕ್ರವಾರದಂಥ ಮಳೆಯಲ್ಲ. ಫ್ಲೆಕ್ಸಿನಲ್ಲಿ ನೀರು ತುಂಬಿ ಅಭ್ಯರ್ಥಿಯ ಎಡಗೆನ್ನೆ ಹಲ್ಲುನೋವು ಬಂದವರಂತೆ ಊದತೊಡಗಿತು. ಕೆಳಗೆ ಹಾಲು ಬಿಸಿಯಾಗುತ್ತಿದೆ, ಮೇಲೆ ಕೆನ್ನೆ ಇಳಿಯುತ್ತಿದೆ.

"ಒಲೆ ಆರಿಸಿ, ಮಳೆ ನಿಂತ ಮೇಲೆ ಮುಂದುವರಿಸೋಣ," ಎಂದರು ಭಾವ.

"ಹಚ್ಚಿದ ಒಲೆ ಆರಿಸುವುದೇ? ಅಪಶಕುನ!" ಎಂದಳು ಅಕ್ಕ.

"ಪೊರಕೆಯ ಹಿಡಿಯಿಂದ ಕೆನ್ನೆಗೆ ಕೆಳಗಿನಿಂದ ತಿವಿದರೆ ನೀರು ಆಚೆ ಹೋಗುತ್ತದೆ," ಎಂದರು ಮೇಸ್ತ್ರಿ.

"ನನಗೆ ಕೊಡಿ, ನಾನು ತಿವಿಯುತ್ತೇನೆ," ಎಂದರು ಮೇಷ್ಟ್ರು.

"ದೇವರ ಕೆಲಸದಲ್ಲಿ ಪೊರಕೆಯೇ!" ಎಂದು ಅಕ್ಕ ಅಡ್ಡ ನಿಂತಳು. ಅಷ್ಟರಲ್ಲಿ ಕೆನ್ನೆಯಿಂದ ಮೊದಲ ಹನಿ ಹಾಲಿಗೆ ಬಿತ್ತು. ಏರುತ್ತಿದ್ದ ನೊರೆ ಪಾತಾಳಕ್ಕಿಳಿಯಿತು. ಅಕ್ಕ ನನ್ನ ಮುಖ ನೋಡಿದಳು. ಆ ನೋಟದಲ್ಲಿ ನನ್ನ ಸೂಟ್‌ಕೇಸ್ ಕಾಣುತ್ತಿತ್ತು.

ಆಗ ಗೇಟಿನಲ್ಲಿ ಗಲಾಟೆ ಕೇಳಿಸಿತು. ನೋಡಿದರೆ ನನ್ನ ಶೀಟು ನಡೆದುಕೊಂಡು ಬರುತ್ತಿದೆ. ಕೆಳಗೆ ಕೋಳಿ ಚೇಟ್ಟನ್, ಹೆಂಡತಿ, ಮಗಳು, ಅಜ್ಜಿ. ಇಗರ್ಜಿಗೆ ಹೋಗಿ ಬಂದ ಒಳ್ಳೆ ಬಟ್ಟೆಯಲ್ಲಿ, ಶೀಟನ್ನೇ ತಲೆಯ ಮೇಲೆ ಕೊಡೆಯಾಗಿ ಹಿಡಿದು, ಒಂದು ಹನಿಯೂ ತಾಗದೆ ಬಂದರು. ಶೀಟಿನ ಮೂಲೆಗೆ ಚಿನ್ನದ ಬಣ್ಣದ ರಿಬ್ಬನ್ ಕಟ್ಟಿತ್ತು.

"ಹಾಲು ಕಾಯಿಸುವ ಮನೆಗೆ ಕೈ ಬೀಸಿಕೊಂಡು ಬರಲಾಗುತ್ತದೆಯೇ ಚೇಚಿ?" ಎಂದರು ಚೇಟ್ಟನ್. "ನಮ್ಮ ಕುಟುಂಬದ ಕಡೆಯಿಂದ ಇದೊಂದು ಚಿಕ್ಕ ಉಡುಗೊರೆ."

ಮೇಸ್ತ್ರಿ ಹೊಸ ಮುಂಡು ಎತ್ತಿ ಕಟ್ಟಿ ಏಣಿ ಹತ್ತಿದರು. ಎಲ್ಲರೂ ಕೈ ಕೊಟ್ಟರು. ಶೀಟು ತನ್ನ ಜಾಗದಲ್ಲಿ ಕೂತಿತು. ಒಂದು ಬದಿಗೆ ಕೋಳಿ ಹಿಕ್ಕೆ ಅಂಟಿತ್ತು; ಮೀನಿಗೆ ಅಷ್ಟು ರಂಪ ಮಾಡಿದ ಅಕ್ಕ ಆಗ ಬಹಳ ಆಸಕ್ತಿಯಿಂದ ಹಾಲನ್ನೇ ನೋಡುತ್ತಿದ್ದಳು. ಹಾಲು ಉಕ್ಕಿತು. ಶಾಸ್ತ್ರದ ಪ್ರಕಾರ ಪೂರ್ವಕ್ಕೇ ಉಕ್ಕಿತು ಎಂದು ಅಕ್ಕ ಹೇಳುತ್ತಾಳೆ; ನಾಲ್ಕೂ ಕಡೆಗೆ ಉಕ್ಕಿದ್ದನ್ನು ನಾನು ನೋಡಿದ್ದೇನೆ.

ನನ್ನದೇ ಶೀಟಿಗೆ ನಾನು ಎರಡು ಸಲ ಥ್ಯಾಂಕ್ಸ್ ಹೇಳಿದೆ. ಉಡುಗೊರೆ ಕೊಡುವ ಫೋಟೋ ತೆಗೆಯಬೇಕೆಂದು ಅಜ್ಜಿ ಹಟ ಹಿಡಿದದ್ದರಿಂದ, ಶೀಟಿನಿಂದ ಬಿಚ್ಚಿದ ರಿಬ್ಬನ್ನಿನ ಒಂದು ತುದಿ ಅವರ ಕೈಗೆ ಕೊಟ್ಟು ಇನ್ನೊಂದನ್ನು ನಾನು ಹಿಡಿದು, ಇಬ್ಬರೂ ಸೂರಿನ ಕಡೆ ನೋಡುತ್ತಾ ನಕ್ಕೆವು.

ಬರುವ ತಿಂಗಳು ಚೇಟ್ಟನ್ನರ ಮಗಳ ಮದುವೆ. ಕರೆಯಲು ಮನೆಯವರೆಲ್ಲ ಬಂದಿದ್ದರು. ಉಡುಗೊರೆ ಏನು ಕೊಡುವುದೆಂದು ನಾನಿನ್ನೂ ತೀರ್ಮಾನಿಸಿಲ್ಲ. ಗಾಳಿ ಬೀಸಿದಾಗಲೆಲ್ಲ ಅಂಗಳಕ್ಕೆ ಹೋಗಿ ನೋಡಿ ಬರುತ್ತೇನೆ, ಅವರ ಮನೆಯಿಂದ ಏನಾದರೂ ಹಾರಿ ಬಂದಿದೆಯೇ ಎಂದು.