ವಿದ್ಯಾಧನದ ಶಾಲು

ಶಿಕ್ಷಕರ ದಿನಕ್ಕೆ ಇನ್ನು ಮುಂದೆ ಈ ಮನೆಯಿಂದ ಒಂದೇ ಒಂದು ಪೆನ್ನೂ ಉಡುಗೊರೆಯಾಗಿ ಹೊರಗೆ ಹೋಗಕೂಡದು ಎಂದು ಜಯಶ್ರೀ ಬಂಗಡೆ ಮೀನಿನ ಸಾರು ಬಡಿಸುತ್ತಲೇ ಘೋಷಿಸಿಬಿಟ್ಟಳು. ಪೆನ್ನನ್ನು ಯಾರು ಬೇಕಾದರೂ ಕೊಡುತ್ತಾರೆ. ಪ್ಲಾಸ್ಟಿಕ್ ಗುಲಾಬಿಯನ್ನಂತೂ ಕೊಡದವರೇ ಇಲ್ಲ. ಆದರೆ ತನ್ನದೇ ಹೆಸರನ್ನು ಹೊಳೆಯುವ ನೂಲಿನಲ್ಲಿ ಮೂಡಿಸಿದ ಕರವಸ್ತ್ರ ಕೈಗೆ ಬಂದರೆ, ಹೊನ್ನಾವರದ ಯಾವ ಅಕ್ಕೋರ ಕಣ್ಣು, ಯಾವ ಮಾಸ್ತರರ ಕಣ್ಣು ಒದ್ದೆಯಾಗದೆ ಉಳಿದೀತು? ಒರೆಸಿಕೊಳ್ಳಲು ಕರವಸ್ತ್ರವೂ ಕೈಯಲ್ಲೇ ಇರುತ್ತದೆ. ಇಷ್ಟು ದೂರ ಯೋಚಿಸಿದವಳು ಈ ತಾಲೂಕಿನಲ್ಲಿ ತಾನೊಬ್ಬಳೇ ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ.

ಗಂಡ ನಿತ್ಯಾನಂದ ಟೊಂಕದ ಬಂದರಿನಲ್ಲಿ ಬೋಟುಗಳ ಇಂಜಿನ್ ರಿಪೇರಿ ಮಾಡುವವನು. ಯಂತ್ರ ಎಂದರೆ ಏನೆಂದು ಅವನಿಗೆ ಗೊತ್ತು. ಕಸೂತಿ ಯಂತ್ರ ಕೊಂಡ ಹೆಂಡತಿ ಎಂದರೆ ಏನೆಂಬುದೂ ಆ ವಾರದಲ್ಲೇ ಗೊತ್ತಾಗುತ್ತಿತ್ತು. ಅವನು ತಲೆಯೆತ್ತದೆ ಮುಳ್ಳು ಬಿಡಿಸುತ್ತ ಕೂತ. ಅವನ ತಾಯಿ ಬಂಗಾರಿ ಮಾತ್ರ ಆ ಮಿಷನ್ನು ಎಷ್ಟು ಕರೆಂಟು ತಿನ್ನುತ್ತದೆ ಎಂದು ಕೇಳಿದಳು. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಕೇರಿಕೇರಿ ತಿರುಗಿ ಮಗನನ್ನು ಓದಿಸಿದವಳು ಅವಳು. ತಾನು ಮಾತ್ರ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ಈಗ ಮಂಡಿನೋವು ಹಿಡಿದು ಮನೆಯಲ್ಲೇ ಕೂರುವಂತಾಗಿ, ಯಾರಿಗಾದರೂ ಒಂದಿಷ್ಟು ಕೆಲಸ ಮಾಡಿಕೊಡುವ ಅವಕಾಶಕ್ಕಾಗಿ ಬೆಳಗಿನಿಂದ ಸಂಜೆಯವರೆಗೆ ಕಾಯುತ್ತಿದ್ದಳು.

ಕಸೂತಿ ಮಿಷನ್ನು ಕುಮಟೆಯಿಂದ ಟೆಂಪೋದಲ್ಲಿ ಬಂತು. ಅದಕ್ಕೆ ಜಾಗ ಬಿಟ್ಟುಕೊಟ್ಟು ಟಿ.ವಿ. ಫ್ರಿಜ್ಜಿನ ತಲೆಯೇರಿತು. ಮೊಬೈಲಿನಲ್ಲಿ ಅಕ್ಷರ ಒತ್ತಿ ಕಳಿಸಿದರೆ ಸಾಕು, ಸೂಜಿ ಮೈಮೇಲೆ ದೇವರು ಬಂದಂತೆ ಕುಣಿದು ಬಟ್ಟೆಯ ಮೇಲೆ ಬರೆದುಬಿಡುತ್ತಿತ್ತು. ಜಯಶ್ರೀಯ ತರಬೇತಿ ಶುರುವಾದ ಮೇಲೆ ಮನೆಯಲ್ಲಿ ಹೆಸರಿಲ್ಲದ ಬಟ್ಟೆಯೇ ಉಳಿಯಲಿಲ್ಲ. ಪಾತ್ರೆ ಹಿಡಿಯುವ ಮಸಿಬಟ್ಟೆಗೂ ಒಂದು ಹೆಸರು, ಅದರ ಸುತ್ತ ಬಳ್ಳಿ. ಏಳನೇ ಕ್ಲಾಸಿನ ಮಗಳು ವಿಭಾ ತನ್ನ ಕಾಲುಚೀಲಗಳನ್ನು ಬಚ್ಚಿಟ್ಟು ಉಳಿಸಿಕೊಂಡಳು.

ಮಿಷನ್ನಿನೊಳಗೇ ತಯಾರಾಗಿ ಬಂದಿದ್ದ "ಗುರುಭ್ಯೋ ನಮಃ" ಎಂಬ ವಿನ್ಯಾಸವನ್ನು ಪರೀಕ್ಷಿಸಲು ಅವಳಿಗೆ ಸಿಕ್ಕಿದ್ದು ನಿತ್ಯಾನಂದನ ಕೆಲಸದ ಅಂಗಿಯ ಬೆನ್ನು. ಅವನು ನೋಡದೆ ಹಾಕಿಕೊಂಡು ಬಂದರಿಗೆ ಹೋದ. ಬೆನ್ನ ಹಿಂದೆ ಬಂದವರೆಲ್ಲ ಬಗ್ಗಿ ನಮಸ್ಕರಿಸತೊಡಗಿದರು. ಮಧ್ಯಾಹ್ನದ ಹೊತ್ತಿಗೆ ಬೋಟು ನಡೆಸುವ ತಾಂಡೇಲನೊಬ್ಬ, ಇಂಜಿನ್ ಚಾಲೂ ಮಾಡುವ ಮುಂಚೆ ತೆಂಗಿನಕಾಯಿಯನ್ನೂ ಗುರುಗಳೇ ಒಡೆಯಬೇಕೆಂದು ತಂದುಕೊಟ್ಟ. ನಿತ್ಯಾನಂದ ಒಡೆದ. ಇಂಜಿನ್ ಚಾಲೂ ಆಯಿತು. ಅಲ್ಲಿಂದ ಅವನು ಅಂಗಿಯನ್ನು ತಿರುಗಿಸಿ ನೋಡದೆ ಹಾಕಿಕೊಂಡದ್ದೇ ಇಲ್ಲ.

ಭಟ್ಕಳದಲ್ಲಿದ್ದ ಗೆಳತಿ ದೀಪಿಕಾಳ ಹುಟ್ಟುಹಬ್ಬಕ್ಕೆ ಹೆಸರು ಹೊಲಿದ ಬಟ್ಟೆಯ ಚೀಲ ಹೋಯಿತು. ಸಂಜೆ ಅವಳ ಫೋನು ಬಂತು. ಚೀಲ ಬಹಳ ಚೆಂದವಾಗಿದೆ, ಆದರೆ ಒಳಗೆ ಕೈ ಹಾಕಿದರೆ ಅರ್ಧಕ್ಕೇ ನಿಲ್ಲುತ್ತದಲ್ಲ ಎಂದಳು. ಸೂಜಿ ಚೀಲದ ಎರಡೂ ಮಗ್ಗುಲನ್ನು ಸೇರಿಸಿ ಹೆಸರು ಬರೆದಿತ್ತು. ಜಯಶ್ರೀ ಕಣ್ಣು ಮಿಟುಕಿಸುವಷ್ಟೂ ತಡಮಾಡಲಿಲ್ಲ.

"ಅದು ಚೀಲ ಅಲ್ಲ ಮಾರಾಯ್ತಿ, ಗೋಡೆಗೆ ಹಾಕೂದು."

ದೀಪಿಕಾ ಗೋಡೆಗೆ ಹಾಕಿದಳು. ಅವಳ ಪಕ್ಕದ ಮನೆಯ ನವಾಯತ ಸಮುದಾಯದ ಹೆಂಗಸರು ನೋಡಿ, ಇಂಥದ್ದು ತಮಗೂ ಒಂದು ಬೇಕು ಎಂದರಂತೆ. ಈ ಸುದ್ದಿ ಕೇಳಿದ ಮೇಲೆ ಜಯಶ್ರೀಯನ್ನು ಹಿಡಿಯುವವರೇ ಇರಲಿಲ್ಲ.

ಸರಿಯಾಗಿ ಆ ಸಮಯಕ್ಕೆ ವಿಭಾಳ ಶಾಲೆಯ ಕನ್ನಡ ಮಾಸ್ತರರಾದ ಸುಧಾಕರ ಅವರ ನಿವೃತ್ತಿ ಬಂತು. ಶಿಕ್ಷಕರ ದಿನದಂದೇ ಬೀಳ್ಕೊಡುಗೆ. ಸುಧಾಕರ ಮಾಸ್ತರರು ಜೀವಮಾನವಿಡೀ ಒಂದೇ ಒಂದು ಯುದ್ಧ ಮಾಡಿದವರು, ಅದು ಮಹಾಪ್ರಾಣಕ್ಕಾಗಿ. ಮಕ್ಕಳು "ಧ" ಬರೆಯುವಲ್ಲಿ "ದ" ಬರೆದರೆ, "ಭ" ಬರೆಯುವಲ್ಲಿ "ಬ" ಬರೆದರೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ. "ಹೊಟ್ಟೆ ಸೀಳು, ಹೊಟ್ಟೆ ಸೀಳು" ಎಂದು ಅವರು ತರಗತಿಯಲ್ಲಿ ಗುಡುಗುವುದು ರಸ್ತೆಯವರೆಗೂ ಕೇಳುತ್ತಿತ್ತು. ಊರಿಗೆ ಹೊಸಬರಾದ ಒಬ್ಬರು ಗಾಬರಿಯಾಗಿ ಗೇಟಿನೊಳಗೆ ಓಡಿಬಂದದ್ದೂ ಉಂಟು. ಒಮ್ಮೆ ಬಸ್ ನಿಲ್ದಾಣದಲ್ಲಿ "ಬಟ್ಕಳ" ಎಂಬ ಬೋರ್ಡು ಹೊತ್ತು ಹೊರಟಿದ್ದ ಬಸ್ಸಿಗೆ ಅವರು ಅಡ್ಡ ನಿಂತು, ಕಂಡಕ್ಟರನ ಕೈಯಲ್ಲಿ ಸೀಮೆಸುಣ್ಣ ಕೊಟ್ಟು, "ಬ"ದ ಹೊಟ್ಟೆ ಸೀಳಿಸಿದ ಮೇಲೆಯೇ ದಾರಿ ಬಿಟ್ಟಿದ್ದರು.

ಪಾಲಕರ ಸಭೆಯಲ್ಲಿ ಅಂಗಡಿಯಿಂದ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ ತರುವುದೆಂದು ಮಾತಾಗುತ್ತಿತ್ತು. ಜಯಶ್ರೀ ಎದ್ದು ನಿಂತಳು. ಅಂಗಡಿಯ ಶಾಲು ಎಲ್ಲರ ಹೆಗಲ ಮೇಲೂ ಕೂರುತ್ತದೆ, ಇದು ಮಾಸ್ತರರ ಹೆಗಲಿಗೆಂದೇ ಹುಟ್ಟಿದ ಶಾಲು ಆಗಬೇಕು ಎಂದಳು. ತಾನೊಬ್ಬಳೇ ಮಾಡುತ್ತೇನೆ, ಯಾರೂ ಕೈ ಹಾಕುವುದು ಬೇಡ ಎಂದೂ ಸೇರಿಸಿದಳು. ಯಾರೂ ಕೈ ಹಾಕುವ ಉತ್ಸಾಹದಲ್ಲಿ ಇರಲೂ ಇಲ್ಲ.

ಶಾಲಿನ ಮೇಲಿನ ಸಾಲನ್ನು ಅವಳೇ ರಚಿಸಿದಳು. "ವಿದ್ಯಾಧನವಿತ್ತ ಸುಧಾಕರ ಗುರುಗಳಿಗೆ." ಗಟ್ಟಿಯಾಗಿ ಓದಿ ಹೇಳಿದಾಗ ನಿತ್ಯಾನಂದನಿಗೂ ಮೈ ಜುಮ್ಮೆಂದಿತು. ಆದರೆ ಸಮಾರಂಭದ ಹಿಂದಿನ ದಿನ ಪೂರ್ತಿ ಕರೆಂಟಿರಲಿಲ್ಲ. ಬಂದದ್ದು ಮಾರನೆಯ ಬೆಳಿಗ್ಗೆ. ಜಯಶ್ರೀ ಒಂದು ಕೈಯಲ್ಲಿ ದೋಸೆ ಮಗುಚುತ್ತ, ಇನ್ನೊಂದು ಕೈಯ ಹೆಬ್ಬೆರಳಿನಲ್ಲಿ ಮೊಬೈಲಿನ ಇಂಗ್ಲಿಷ್ ಅಕ್ಷರಗಳನ್ನು ಒತ್ತಿ, ಅದು ತೋರಿಸಿದ ಕನ್ನಡ ಪದಗಳನ್ನು ಆರಿಸಿ ಮಿಷನ್ನಿಗೆ ಕಳಿಸಿದಳು. ಸೂಜಿ ಕುಣಿಯಲು ಶುರುಮಾಡಿದ್ದೇ ಸ್ನಾನಕ್ಕೆ ಓಡಿದಳು.

ತಲೆಗೆ ಟವೆಲು ಸುತ್ತಿಕೊಂಡು ಅವಳು ಬರುವಾಗ ಶಾಲು ಬಂಗಾರಿಯ ಮಡಿಲಲ್ಲಿತ್ತು. ಅಕ್ಷರದಿಂದ ಅಕ್ಷರಕ್ಕೆ ಸೂಜಿ ನೆಗೆದಾಗ ಉಳಿದ ನೂಲಿನ ಎಳೆಗಳು ಅಲ್ಲಲ್ಲಿ ಜೋತುಬಿದ್ದಿದ್ದವು. ಬಂಗಾರಿ ಪುಟ್ಟ ಕತ್ತರಿ ಹಿಡಿದು ಅವನ್ನೆಲ್ಲ ಒಂದೊಂದಾಗಿ ಕತ್ತರಿಸಿ ಮುಗಿಸಿದ್ದಳು. ಗಡಿಬಿಡಿಯಲ್ಲಿ ಜಯಶ್ರೀ ಆತು ಆತು ಎಂದು ಅದನ್ನು ಎತ್ತಿಕೊಂಡು ಮಡಿಸಿ, ಪಾರದರ್ಶಕ ಹಾಳೆಯಲ್ಲಿ ಸುತ್ತಿ, ಮೇಲೆ ಕೆಂಪು ರಿಬ್ಬನ್ನಿನ ಹೂ ಕಟ್ಟಿದಳು. ಹೂವಿನ ಎಸಳು ಸರಿಮಾಡುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು.

ಸಭಾಂಗಣ ತುಂಬಿತ್ತು. ನಿರೂಪಣೆ ಮಾಡುತ್ತಿದ್ದ ಅಕ್ಕೋರು, ಜಯಶ್ರೀಯೇ ಬರೆದುಕೊಟ್ಟಿದ್ದ ಚೀಟಿಯನ್ನು ಮೈಕಿನಲ್ಲಿ ಓದಿದರು. ಶಾಲಿನ ಕಲ್ಪನೆ, ಸಾಹಿತ್ಯ, ಕಸೂತಿ ಎಲ್ಲವೂ ಜಯಶ್ರೀ ಅವರದು, ಬೇರೆ ಯಾರೂ ಮುಟ್ಟಿಲ್ಲ ಎಂದಿತ್ತು ಅದರಲ್ಲಿ. ಅವಳು ವೇದಿಕೆ ಹತ್ತಿ, ಶಾಲನ್ನು ಕೊಡವಿ ಬಿಡಿಸಿ, ಬಂಗಾರ ಬಣ್ಣದ ಸಾಲು ಜನರಿಗೆಲ್ಲ ಕಾಣುವಂತೆ ಮಾಸ್ತರರ ಎದೆಯ ಮೇಲೆ ಹೊದಿಸಿದಳು. ಚಪ್ಪಾಳೆ ಶುರುವಾಯಿತು. ಅರ್ಧದಲ್ಲಿ ನಿಂತಿತು.

ಮುಂದಿನ ಸಾಲುಗಳಲ್ಲಿ ಕೂತಿದ್ದವರು ಏಳನೇ ಕ್ಲಾಸಿನ ಮಕ್ಕಳು, ಮಾಸ್ತರರೇ ತಯಾರು ಮಾಡಿದ ಸೈನ್ಯ. ಕಂಡದ್ದನ್ನು ಕಂಡ ಹಾಗೆ ಓದುವುದು ಅವರ ಅಭ್ಯಾಸ. ಎಲ್ಲರೂ ಒಂದೇ ಸ್ವರದಲ್ಲಿ ಓದಿದರು: "ವಿದ್ಯಾ ದನ ವಿತ್ತ ಸುದಾಕರ ಗುರುಗಳಿಗೆ." ವಿಭಾ ಮಾತ್ರ ಓದಲಿಲ್ಲ, ತಲೆಯನ್ನು ಮಂಡಿಗಳ ನಡುವೆ ತೂರಿಸಿಕೊಂಡಿದ್ದಳು. ಹಿಂದಿನಿಂದ ಯಾರೋ ಮೆಲ್ಲಗೆ "ಅಂಬಾ" ಎಂದರು.

ಮಾಸ್ತರರು ಕನ್ನಡಕ ಏರಿಸಿ ಎದೆಯ ಮೇಲಿನ ಸಾಲನ್ನು ಬೆರಳಿಟ್ಟು ಓದಿಕೊಂಡರು. ಮೊದಲು "ದನ"ದ ಹತ್ತಿರ, ಆಮೇಲೆ ತಮ್ಮ ಹೆಸರಿನ ಹತ್ತಿರ ಬೆರಳು ನಿಂತಿತು. ಜಯಶ್ರೀಗೆ ವೇದಿಕೆಯ ಹಲಗೆ ಮುರಿದು ತನ್ನನ್ನು ನುಂಗಬಾರದೇ ಎನಿಸಿತು. ಮಾಸ್ತರರು ಮೈಕು ತೆಗೆದುಕೊಂಡರು.

"ಇಷ್ಟು ವರ್ಷ ನಾನು ಈ ಊರಿನ ಅಕ್ಷರಗಳ ಹೊಟ್ಟೆ ಸೀಳುತ್ತ ಬಂದೆ. ಇವತ್ತು ಜಯಶ್ರೀ ಅವರು ಎಲ್ಲವನ್ನೂ ಹೊಲಿದು ಕೊಟ್ಟಿದ್ದಾರೆ."

ಸಭಾಂಗಣದ ಹಂಚು ಹಾರಿಹೋಗುವಂತೆ ಜನ ನಕ್ಕರು. ಆ ನಗುವಿನ ನಡುವೆ ಜಯಶ್ರೀಯ ಕಣ್ಣ ಮುಂದೆ ಮಿಂಚಿದ್ದು ಅತ್ತೆಯ ಕೈಯ ಕತ್ತರಿ. ಅಕ್ಷರಗಳ ಕೆಳಗಿನ ಆ ಪುಟ್ಟ ಸೀಳು, ಜೋತುಬಿದ್ದ ನೂಲಿನ ಹಾಗೇ ಕಾಣುವುದಿಲ್ಲವೇ? ಅವಳು ಮೈಕಿಗೆ ಬಾಯಿ ಹಾಕಿದಳು. ತಾನು ಸರಿಯಾಗಿಯೇ ಹೊಲಿದಿದ್ದೆ, ಅತ್ತೆಗೆ ಓದಲು ಬರುವುದಿಲ್ಲ, ನೂಲು ಕತ್ತರಿಸಲು ಹೋಗಿ ಅಕ್ಷರದ ಬಾಲವನ್ನೂ ಕತ್ತರಿಸಿಬಿಟ್ಟರು ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಬೇರೆ ಯಾರೂ ಮುಟ್ಟಿಲ್ಲ ಎಂಬ ಚೀಟಿಯನ್ನು ಆಗಷ್ಟೇ ಓದಿದ್ದ ಅಕ್ಕೋರು ಅದನ್ನು ಮತ್ತೊಮ್ಮೆ ಬಿಡಿಸಿ ನೋಡಿದರು.

ನಡುವಿನ ಸಾಲಿನಲ್ಲಿ ಬಂಗಾರಿ ಕುರ್ಚಿಯ ಕೈ ಹಿಡಿದು ನಿಧಾನವಾಗಿ ಎದ್ದಳು. ಜನ ಅತ್ತ ತಿರುಗಿದರು.

"ಹೌದು ಮಾಸ್ತರೆ, ಜೋತು ಬಿದ್ದದ್ದೆಲ್ಲ ನಾನೇ ಕತ್ತರಿಸಿದ್ದು. ನೂಲು ಯಾವ್ದು, ಅಕ್ಷರ ಯಾವ್ದು ಅಂತ ನಂಗೆ ಎಂತ ಗೊತ್ತು? ತಪ್ಪಾಯ್ತು." ಹೇಳಿ ಅವಳು ಕೈ ಮುಗಿದಳು.

ಮಾಸ್ತರರು ವೇದಿಕೆಯಿಂದ ಇಳಿದು ಬಂದು, ಅವಳ ಕೈ ಹಿಡಿದು ಮೆಟ್ಟಿಲು ಹತ್ತಿಸಿ, ತಮ್ಮ ಕುರ್ಚಿಯಲ್ಲೇ ಕೂರಿಸಿದರು. ಹಣ್ಣಿನ ಬುಟ್ಟಿಯೂ ಅವಳ ಮಡಿಲಿಗೆ ಹೋಯಿತು. ಆಗ ಬಿದ್ದ ಚಪ್ಪಾಳೆ ಮಾತ್ರ ಅರ್ಧದಲ್ಲಿ ನಿಲ್ಲಲಿಲ್ಲ. ಸಮಾರಂಭದ ಫೋಟೋದಲ್ಲಿ ನಡುವೆ ಬಂಗಾರಿ, ಪಕ್ಕದಲ್ಲಿ ದನದ ಶಾಲು ಹೊದ್ದ ಮಾಸ್ತರರು. ಅಂಚಿನಲ್ಲಿ ಬಂದ ಮೊಣಕೈ ಜಯಶ್ರೀಯದು.

ಅತ್ತೆ ಕೈ ಮುಗಿದದ್ದು ನೆನಪಾದಾಗಲೆಲ್ಲ ಅವಳಿಗೆ ಎದೆಯಲ್ಲಿ ಒಂದು ಮುಳ್ಳು ಆಡಿದಂತಾಗುತ್ತಿತ್ತು. ಆದರೆ ಇದ್ದದ್ದನ್ನು ಹೇಳಿದ್ದು ತಪ್ಪೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಭಾನುವಾರ ಹೊಸ ಶಾಲು ತರಿಸಿದಳು. ತನ್ನ ಕೈಚಳಕವನ್ನು ಕಣ್ಣಾರೆ ನೋಡಲಿ ಎಂದು ಮಾಸ್ತರರನ್ನು ಚಹಾಕ್ಕೆ ಕರೆದಳು. ಮನೆಯ ಕತ್ತರಿಗಳನ್ನೆಲ್ಲ ಕಪಾಟಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಂಗಾರಿಯ ಕುರ್ಚಿಯನ್ನು ಮಿಷನ್ನಿನಿಂದ ದೂರ, ಎದುರಿನ ಗೋಡೆಗೆ ಒರಗಿಸಿ ಹಾಕಿದಳು. ಬಂಗಾರಿ ತಾನಾಗಿಯೇ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ಕೂತಳು.

ಮೊಬೈಲಿನಲ್ಲಿ ಉಳಿದಿದ್ದ ಅದೇ ಸಾಲನ್ನು ಜಯಶ್ರೀ ಮತ್ತೆ ಕಳಿಸಿದಳು. ಸೂಜಿ ಕುಣಿಯಿತು. ನಿತ್ಯಾನಂದ, ವಿಭಾ, ಕೈಯಲ್ಲಿ ಚಹಾದ ಲೋಟ ಹಿಡಿದ ಮಾಸ್ತರರು, ಎಲ್ಲರೂ ಮಿಷನ್ನಿನ ಸುತ್ತ ನಿಂತರು. ಕೊನೆಯ ಹೊಲಿಗೆ ಬಿತ್ತು. ಎಲ್ಲರೂ ಬಗ್ಗಿ ನೋಡಿದರು.

"ವಿದ್ಯಾ" ಆದ ಮೇಲೆ "ದ" ಕೂತಿತ್ತು. ದುಂಡಗೆ, ನುಣ್ಣಗೆ, ಆಗಷ್ಟೇ ಉಂಡೆದ್ದಂತೆ, ಒಂದು ಗೀರೂ ಇಲ್ಲದ ಹೊಟ್ಟೆ ಹೊತ್ತು. ಆಚೆ "ಸುದಾಕರ"ದ ಹೊಟ್ಟೆಯೂ ಅಷ್ಟೇ ಸುಖವಾಗಿತ್ತು.

ವಿಭಾ ಮೊಬೈಲು ಎತ್ತಿಕೊಂಡು, ಅಮ್ಮ ಒತ್ತಿ ಕಳಿಸಿದ್ದ ಸಾಲನ್ನು ನೋಡಿ ಅಪ್ಪನ ಕೈಗೆ ಕೊಟ್ಟಳು. ನಿತ್ಯಾನಂದ ನೋಡಿ, ಅದನ್ನು ಮೇಜಿನ ಮೇಲೆ ಬೋರಲು ಹಾಕಿದ. ಮಾಸ್ತರರು ಲೋಟದ ತಳದಲ್ಲಿ ಏನನ್ನೋ ಬಹಳ ಆಸಕ್ತಿಯಿಂದ ಹುಡುಕತೊಡಗಿದರು. ಜಯಶ್ರೀಯ ಕಿವಿ ಕಾದ ಕಾವಲಿಯಾಗಿತ್ತು.

ಗೋಡೆಯ ಹತ್ತಿರದಿಂದ ಬಂಗಾರಿ ಕತ್ತು ಉದ್ದ ಮಾಡಿದಳು. "ಎಂತ ಆತೇ? ಎಲ್ಲಾ ಸುಮ್ನೆ ನಿಂತ್ರಲ್ಲ. ಈ ಸಲ ನಾ ಮುಟ್ಟಲೇ ಇಲ್ಲ."

ಜಯಶ್ರೀ ಶಾಲನ್ನು ಮಿಷನ್ನಿನಿಂದ ಬಿಡಿಸಿಕೊಂಡು ಹೋಗಿ ಅತ್ತೆಯ ಕಾಲ ಬಳಿ ನೆಲದ ಮೇಲೆ ಕೂತಳು. ಮಾಸ್ತರರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. "ಆವತ್ತೂ ನಿಮ್ದಲ್ಲ ಅತ್ತೆ, ತಪ್ಪು ನಂದೇ. ನಾನೇ ಹಾಗೆ ಒತ್ತಿದ್ದೆ." ಆಮೇಲೆ ಸೊಂಟದ ಕೀಲಿ ತೆಗೆದು, ಈ ಶಾಲನ್ನು ಕತ್ತರಿಸಿ ಮಸಿಬಟ್ಟೆ ಮಾಡಿಬಿಡುತ್ತೇನೆ, ಇನ್ಯಾರ ಕಣ್ಣಿಗೂ ಬೀಳುವುದು ಬೇಡ ಎಂದಳು.

ಬಂಗಾರಿ ಸೆರಗಿನಿಂದ ಕೈ ಹೊರಗೆ ತೆಗೆದು ಶಾಲನ್ನು ಎಳೆದುಕೊಂಡಳು. ಬಂಗಾರದ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಎರಡೂ ಹೆಗಲ ಮೇಲೆ ಹೊದ್ದು, ಮುಂದೆ ಸರಿಮಾಡಿಕೊಂಡಳು.

"ಹಾಳು ಮಾಡಬೇಡ್ವೇ, ಲಾಯ್ಕ್ ಉಂಟು," ಎಂದಳು. "ನಂಗೇ ಇರ್ಲಿ. ನಂಗೆ ಹೆಂಗೂ ಓದೂಕೆ ಬರೂದಿಲ್ಲ."