ಬದನೆ ಹೊಲದ ಮಾಂಸಾಹಾರಿಗಳು

ನಿಯಮ ಅಂದರೆ ನಿಯಮ ಎನ್ನುವ ಮನುಷ್ಯ ನಾನು. ಅದಕ್ಕೇ ಇರಬೇಕು, ಅದನ್ನು ಮುರಿಯುವವರೆಲ್ಲ ನನ್ನ ಪಾಲಿಗೇ ಬರುತ್ತಾರೆ. ತರಕಾರಿ ಎಲೆಯ ರಸ ಹೀರುವ ಬಿಳಿನೊಣಕ್ಕೆ ಔಷಧ ಹೊಡೆಯದೆ, ಅದನ್ನು ತಿನ್ನುವ ಕೆಂಪು ಗುಲಗಂಜಿ ಹುಳು ಬಿಟ್ಟು ತೋರಿಸುವುದು ನನ್ನ ಕೆಲಸ. ಮೂರು ತಾಲ್ಲೂಕು, ತಾಲ್ಲೂಕಿಗೊಂದು ಹೊಲ. ಮೂರರಲ್ಲಿ ಒಂದಾದರೂ ಗೆಲ್ಲದಿದ್ದರೆ ಯೋಜನೆ ಬಂದ್ ಎಂದಿದ್ದರು ಮೇಲಧಿಕಾರಿ.

ಆಳಂದ: ಜೋಪಾನ

ಭೂಸನೂರಿನ ಟೊಮೆಟೊ ರೈತನಿಗೆ ಹುಳುವಿನ ಡಬ್ಬಿ ಕೊಟ್ಟು, "ಔಷಧ ಮುಟ್ಟಬೇಡಿ" ಎಂದು ಹೇಳಿ ಬಂದಿದ್ದೆ. ವಾರ ಬಿಟ್ಟು ಹೋದರೆ ಹೊಲವೆಲ್ಲ ಔಷಧದ ವಾಸನೆ.

"ಹೊಡೆದಿರಾ?"

"ಹೌದ್ರಿ ಸಾಹೇಬ್ರ."

"ಹುಳು ಸತ್ತವಲ್ಲರೀ!"

"ಛೇ ಛೇ, ನಿಮ್ಮ ಹುಳಾ ಸಾಯಾಕ ಬಿಡ್ತೇನೇನ್ರಿ? ನೊಣಾ ಪೂರಾ ಸತ್ತ ಮ್ಯಾಲ ಬಿಟ್ರಾತು ಅಂತ ತಿಜೋರ್ಯಾಗ ಇಟ್ಟೇನಿ."

ಅಫಜಲಪುರ: ಕಾವಲು

ಇಲ್ಲಿಯ ಬೆಂಡೆ ರೈತ ಔಷಧ ಮುಟ್ಟಲಿಲ್ಲ. ಫೋನ್ ಮಾಡಿದ.

"ಸರ, ನಿಮ್ಮ ಕೆಂಪು ಹುಳದ ನಡುವ ಮೊಸಳಿ ಮರಿ ಹಂಗ ಕರೇ ಹುಳಾ ಹೊಕ್ಕಿದ್ದುವು. ಒಂದೂ ಬಿಡಲಿಲ್ಲ, ಹೊಸಕಿ ಹಾಕೇನಿ!"

"ಅಯ್ಯೋ, ಅವು ಆ ಕೆಂಪು ಹುಳುವಿನ ಮರಿಗಳೇ ಕಣ್ರೀ!"

"ಮಕ್ಕಳಂದ್ರ ಅವ್ವ-ಅಪ್ಪನ ಹಂಗ ಒಂಚೂರರ ಇರಬೇಕಲ್ರಿ ಸರ?"

ಜೇವರ್ಗಿ: ಸೋಮವಾರ

ಉಳಿದದ್ದು ನೆಲೋಗಿಯ ಬದನೆ ಹೊಲ. ಒಡತಿ, ಕೊರಳಲ್ಲಿ ಲಿಂಗ ಕಟ್ಟಿದ ಅಜ್ಜಿ. ಡಬ್ಬಿ ತೆರೆಯಲೂ ಬಿಡದೆ ಕೇಳಿದರು:

"ಇವು ಏನ್ ತಿಂತಾವಪಾ?"

"ಬಿಳಿನೊಣ."

"ಅಂದ್ರ ಮಾಂಸಾ?"

ಸುಳ್ಳು ಹೇಳಿ ನನಗೆ ರೂಢಿಯಿಲ್ಲ. "ಹೌದು."

"ಮತ್ತ ಆ ನೊಣಾ?"

"ಅದು ಎಲೆಯ ರಸ ಮಾತ್ರ."

"ಅದು ಸಾತ್ವಿಕ ಆತಲ್ಲೋ! ಅದನ್ನ ಕೊಲ್ಲಸಾಕ ಬಂದೀಯೇನು?"

ಗಂಟಲು ಒಣಗುವವರೆಗೆ ವಾದಿಸಿದೆ. ಕೊನೆಗೆ, "ಹುಳಾ ಬಿಡು. ಆದ್ರ ಸೋಮವಾರ ನಮ್ಮ ಹೊಲದಾಗ ಮಾಂಸ ನಡಿಯಂಗಿಲ್ಲ" ಎಂದರು. ಮಾತಿಗೆ ಹೇಳಿದ್ದಾರೆ ಅಂದುಕೊಂಡೆ.

ನೊಣ ಕರಗಿತು, ಗಿಡ ನಗತೊಡಗಿದವು. ಮೇಲಧಿಕಾರಿ ನೋಡಲು ಬಂದರು. ಎಲೆ ಎಲೆ ತಿರುವಿದರೂ ಒಂದು ಗುಲಗಂಜಿ ಹುಳುವಿಲ್ಲ.

"ಹುಳು ಎಲ್ರೀ?" ಎಂದರು. ನಾನು ಗಿಡದ ಬುಡವನ್ನೂ ಕೆದಕಿದೆ.

ಅಜ್ಜಿ ಬದುವಿನ ಮೇಲಿಂದ ಅರಿವೆ ಮುಚ್ಚಿದ ಬುಟ್ಟಿ ಎತ್ತಿ ತೋರಿಸಿದರು. "ಇವತ್ತ ಸೋಮವಾರ. ಹೊತ್ತು ಹುಟ್ಟೋದ್ರಾಗ ಎಲ್ಲಾ ಆರಿಸಿ ಕೂಡ್ಹಾಕೇನಿ."

ಅಧಿಕಾರಿ ನಕ್ಕು ಸುಸ್ತಾದರು. "ಮೂರರಾಗ ಗೆದ್ದ ಹೊಲ ಇದೊಂದ. ವಾರಕ್ಕೊಂದು ರಜಾ ಇದ್ರೂ ನಡೀತದ, ಯೋಜನೆ ಮುಂದುವರಿಸ್ರಿ."

ಅಜ್ಜಿ ನಗಲಿಲ್ಲ. "ಮುಂಜಾನಿಂದ ಬೆಲ್ಲಾ ಇಟ್ಟೇನಿ, ಒಂದೂ ಮೂಸವಲ್ದು. ಲಿಂಗಾ ಕಟ್ಟಿಸಿ ದಾರಿಗೆ ತರೂಣಂದ್ರ, ಇವಕ್ಕ ಕೊರಳರ ಎಲ್ಲೈತಿ?"